ಸಮೀಕರಣವೋ ಬಾಯಿಲೆಕ್ಕವೋ? ಮಾತಿನ ಲೆಕ್ಕಕ್ಕೆ ದಾರಿ ಆರಿಸುವ ಬಗೆ

ಓದುಗರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಾತಿನಲ್ಲಿ ಕೊಟ್ಟ ಲೆಕ್ಕ ಬಿಡಿಸಲು ಸಮೀಕರಣವನ್ನೇ ಬರೆಯಬೇಕಾ? ಚಿತ್ರ ಬರೆದರೆ ಸಾಲದಾ? ಕೆಲವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಉತ್ತರ ಹೇಳಿಬಿಡುತ್ತಾರೆ, ಅದು ತಪ್ಪಾ? ಮಕ್ಕಳಿಗೆ ಹೇಳಿಕೊಡುವವರು ಯಾವುದರಿಂದ ಶುರು ಮಾಡಬೇಕು ಎಂದು ಕೇಳುತ್ತಾರೆ. ಪರೀಕ್ಷೆಗೆ ಓದುವವರಿಗೆ ಒಂದು ನಿಮಿಷದೊಳಗೆ ಯಾವುದು ಮುಗಿಯುತ್ತದೆ ಅನ್ನುವುದೇ ಚಿಂತೆ.

ನನ್ನ ಉತ್ತರ ಇಷ್ಟು. ಗೊತ್ತಿಲ್ಲದ ಸಂಖ್ಯೆ ಲೆಕ್ಕದಲ್ಲಿ ಎಲ್ಲಿ ಕೂತಿದೆ, ಎಷ್ಟು ಸಲ ಬರುತ್ತದೆ ಎಂದು ನೋಡಿ. ದಾರಿ ಅಲ್ಲೇ ಕಾಣುತ್ತದೆ. ಲೆಕ್ಕದ ಗಾತ್ರವಾಗಲಿ, ಸಂಖ್ಯೆಗಳ ದೊಡ್ಡತನವಾಗಲಿ ಅಷ್ಟು ಮುಖ್ಯವಲ್ಲ.

ಯಾವುದರಲ್ಲಿ ತೂಗಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಎಷ್ಟು ಬೇಗ ಮುಗಿಯುತ್ತದೆ ಅನ್ನುವುದು ಮೊದಲನೆಯದು. ಎಲ್ಲರೂ ನೋಡುವುದು ಇದನ್ನೇ, ಆದರೆ ಪರೀಕ್ಷೆಯ ಹೊರಗೆ ಇದಕ್ಕೆ ಬೆಲೆ ಕಡಿಮೆ. ಎರಡನೆಯದು, ಸಂಖ್ಯೆ ಬದಲಾದರೆ ದಾರಿ ಉಳಿಯುತ್ತದಾ ಅನ್ನುವುದು. 36 ಇದ್ದ ಕಡೆ 3,647 ಬಂದರೂ ಅದೇ ಕ್ರಮ ನಡೆಯಬೇಕು. ಮೂರನೆಯದು ತಪ್ಪಿನ ವಿಷಯ: ತಪ್ಪು ಎಲ್ಲಿ ನುಸುಳುತ್ತದೆ, ನುಸುಳಿದರೆ ಕಣ್ಣಿಗೆ ಬೀಳುತ್ತದಾ? ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ತಪ್ಪು ಉತ್ತರ ಬಂದರೆ ಮತ್ತೆ ಮಾಡಬಹುದು, ತಪ್ಪೆಂದೇ ಗೊತ್ತಾಗದ ಉತ್ತರ ಅಪಾಯ. ನಾಲ್ಕನೆಯದು, ಆ ದಾರಿ ಹಿಡಿಯುವ ಮೊದಲು ಏನೇನು ಕಲಿತಿರಬೇಕು ಅನ್ನುವುದು.

ಶಾಲೆಯಲ್ಲಿ ನಾವು ಎಕ್ಸ್, ವೈ ಬರೆಯುತ್ತೇವೆ. ಇಲ್ಲಿ ಕನ್ನಡ ಅಕ್ಷರಗಳನ್ನೇ ಬಳಸುತ್ತೇನೆ, ವ್ಯತ್ಯಾಸವೇನೂ ಇಲ್ಲ.

ಊಹಿಸಿ ತಾಳೆ ನೋಡುವುದು

ಇದನ್ನು ಕೀಳಾಗಿ ಕಾಣುವವರೇ ಹೆಚ್ಚು. ಆದರೆ ಕೆಲವು ಲೆಕ್ಕಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

41 ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಬೇಕು. ಒಂದು ಬಗೆಯ ಪೆಟ್ಟಿಗೆಗೆ 3 ಬಾಟಲಿ, ಇನ್ನೊಂದಕ್ಕೆ 5. ಯಾವ ಪೆಟ್ಟಿಗೆಯಲ್ಲೂ ಜಾಗ ಖಾಲಿ ಉಳಿಯಬಾರದು. ಸಣ್ಣ ಪೆಟ್ಟಿಗೆಗಳ ಸಂಖ್ಯೆ ಸ, ದೊಡ್ಡವುಗಳದು ದ ಎಂದು ಸಮೀಕರಣ ಬರೆದರೆ 3ಸ + 5ದ = 41 ಆಗುತ್ತದೆ. ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ. ಇದನ್ನು ಎಡಕ್ಕೆ ಬಲಕ್ಕೆ ಎಷ್ಟು ಸರಿಸಿದರೂ ಉತ್ತರ ಬರುವುದಿಲ್ಲ. ಬದಲಿಗೆ ದೊಡ್ಡ ಪೆಟ್ಟಿಗೆ 0, 1, 2, 3 ಎಂದು ಒಂದು ಕೋಷ್ಟಕ ಹಾಕಿ. 41ರಲ್ಲಿ ಐದೈದು ಕಳೆಯುತ್ತಾ ಹೋಗಿ, ಉಳಿದದ್ದು 3ರಿಂದ ಭಾಗವಾಗುತ್ತದಾ ನೋಡಿ. ದೊಡ್ಡದು 1 ಇದ್ದಾಗ ಸಣ್ಣದು 12, ದೊಡ್ಡದು 4 ಇದ್ದಾಗ 7, ದೊಡ್ಡದು 7 ಇದ್ದಾಗ 2. ಉತ್ತರ ಮೂರು. ಕಡಿಮೆ ಪೆಟ್ಟಿಗೆ ಸಾಕು ಅನ್ನುವವರಿಗೆ ಕೊನೆಯದು, ಒಟ್ಟು 9 ಪೆಟ್ಟಿಗೆ. ಒಂದೊಂದೂ ಹಗುರ ಇರಲಿ ಅನ್ನುವವರಿಗೆ ಮೊದಲನೆಯದು.

ಉತ್ತರ ಪೂರ್ಣ ಸಂಖ್ಯೆಯೇ ಆಗಿರಬೇಕು, ಸಾಧ್ಯತೆಗಳು ಒಂದು ಹಾಳೆಯಲ್ಲಿ ಹಿಡಿಯುವಷ್ಟು ಇರಬೇಕು. ಎರಡೂ ಇದ್ದರೆ ಕೋಷ್ಟಕ ಸಾಕು. ಇದಕ್ಕೆ ಕೂಡುವುದು, ಕಳೆಯುವುದು, ಮಗ್ಗಿ ಬಂದರೆ ಆಯಿತು. ತಪ್ಪೂ ಬೇಗ ಕಾಣುತ್ತದೆ, ಏಕೆಂದರೆ ಪ್ರತಿ ಸಾಲಿನಲ್ಲೂ ತಾಳೆ ನೋಡಿಯೇ ಮುಂದೆ ಹೋಗುತ್ತೀರಿ. ಬೆಲೆ ತೆರುವುದು ಎರಡು ಕಡೆ. ಉತ್ತರ 16.625 ಎಂಬಂಥದ್ದಾದರೆ ಊಹೆ ಅದರ ಸುತ್ತ ಸುತ್ತುತ್ತಲೇ ಇರುತ್ತದೆ. ಒಂದು ಉತ್ತರ ಸಿಕ್ಕ ಕೂಡಲೇ ನಿಲ್ಲಿಸುವ ಚಪಲ ಬೇರೆ. ಮೇಲಿನ ಲೆಕ್ಕದಲ್ಲಿ 1 ಮತ್ತು 12 ಸಿಕ್ಕಾಗಲೇ ಎದ್ದುಹೋದವರಿಗೆ ಉಳಿದೆರಡು ಗೊತ್ತೇ ಆಗುವುದಿಲ್ಲ.

ಕೊನೆಯಿಂದ ಹಿಂದಕ್ಕೆ ಬರುವುದು

ತೊಟ್ಟಿಯಲ್ಲಿ ನೀರಿತ್ತು. ಅರ್ಧ ಖಾಲಿ ಮಾಡಿದರು. ಆಮೇಲೆ 30 ಲೀಟರ್ ಬಳಸಿದರು. ಉಳಿದದ್ದರಲ್ಲಿ ಮೂರನೇ ಒಂದು ಪಾಲು ಸೋರಿಹೋಯಿತು. ಈಗ 80 ಲೀಟರ್ ಇದೆ. ಮೊದಲು ಎಷ್ಟಿತ್ತು?

ಸಮೀಕರಣ ಬರೆಯಲು ಕೂತರೆ ಆವರಣ, ಭಿನ್ನರಾಶಿ ಎಲ್ಲ ಬರುತ್ತವೆ: (ತ ÷ 2 − 30) × 2/3 = 80. ಹಿಂದಿನಿಂದ ಬಂದರೆ ಬಾಯಲ್ಲೇ ಮುಗಿಯುತ್ತದೆ. 80 ಅಂದರೆ ಮೂರರಲ್ಲಿ ಎರಡು ಪಾಲು, ಹಾಗಾದರೆ ಸೋರುವ ಮೊದಲು 120. ಅದಕ್ಕೆ 30 ಸೇರಿಸಿದರೆ 150. ಅದು ಅರ್ಧ, ಪೂರ್ತಿ 300. ಮುಂದಕ್ಕೆ ನಡೆದು ತಾಳೆ ನೋಡಿ: 300, 150, 120, 80. ಸರಿಯಾಗಿದೆ.

ಇದು ಹಳೆಯ ದಾರಿ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯ ಲೀಲಾವತಿ ಭಾಗದಲ್ಲಿ ಇದನ್ನು ವಿಲೋಮ ವಿಧಿ ಎಂದು ಕೊಟ್ಟಿದ್ದಾರೆ. ಕೂಡಿದ್ದನ್ನು ಕಳೆ, ಗುಣಿಸಿದ್ದನ್ನು ಭಾಗಿಸು, ವರ್ಗ ಮಾಡಿದ್ದಕ್ಕೆ ವರ್ಗಮೂಲ ತೆಗೆ. ಬೀಜಗಣಿತಕ್ಕೆ ಅದೇ ಗ್ರಂಥದಲ್ಲಿ ಪ್ರತ್ಯೇಕ ಭಾಗವೇ ಇದೆ. ಅಕ್ಷರ ಬೇಕಾದ ಕಡೆ ಅಕ್ಷರ, ಬೇಡವಾದ ಕಡೆ ಬೇಡ ಎಂಬ ಏರ್ಪಾಡು ಆಗಲೇ ಇತ್ತು.

ಈ ದಾರಿಗೆ ಒಂದೇ ಷರತ್ತು. ಗೊತ್ತಿಲ್ಲದ ಸಂಖ್ಯೆ ಒಂದೇ ಸಲ, ಸರಪಳಿಯ ತುದಿಯಲ್ಲಿ ಇರಬೇಕು. ನಡುವೆ ಅದೇ ಸಂಖ್ಯೆ ಇನ್ನೊಮ್ಮೆ ತಲೆ ಹಾಕಿದರೆ ಸರಪಳಿ ಕಡಿಯುತ್ತದೆ, ಹಿಂದಕ್ಕೆ ನಡೆಯಲು ಕಾಲಿಡುವ ಜಾಗವೇ ಇರುವುದಿಲ್ಲ.

ಶೇಕಡಾ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಒದ್ದೆ ಮರದ ತುಂಡು ಒಣಗಿ ತೂಕ ಶೇ. 20ರಷ್ಟು ಇಳಿಯಿತು, ಈಗ 480 ಗ್ರಾಂ. ಮೊದಲು ಎಷ್ಟು? ಇಳಿದದ್ದನ್ನು ಏರಿಸಿದರೆ ಆಯಿತು ಎಂದು 480ಕ್ಕೆ ಅದರ ಶೇ. 20 ಸೇರಿಸಿ 576 ಅನ್ನುವವರು ಬಹಳ. ಆದರೆ ಇಳಿದ ಶೇ. 20 ಹಳೆಯ ತೂಕದ್ದು, ಹೊಸದರದ್ದಲ್ಲ. 480 ಅಂದರೆ ಹಳೆಯ ತೂಕದ ಶೇ. 80, ಹಾಗಾಗಿ ಉತ್ತರ 600. ಹಿಂದಕ್ಕೆ ಬರುವಾಗ ಪ್ರತಿ ಹೆಜ್ಜೆಯಲ್ಲೂ 'ಇದು ಯಾವುದರ ಪಾಲು?' ಎಂದು ಕೇಳಿಕೊಳ್ಳುವ ಅಭ್ಯಾಸ ಇಲ್ಲದಿದ್ದರೆ, ಶೇಕಡಾ ಬಂದ ಕಡೆ ಸಮೀಕರಣವೇ ಕ್ಷೇಮ. 0.8ಹ = 480 ಎಂದು ಬರೆದವರು ಈ ಗುಂಡಿಗೆ ಬೀಳುವುದು ಕಡಿಮೆ.

ಅನುಕೂಲದ ಸಂಖ್ಯೆ ಇಟ್ಟುಕೊಂಡು ನೋಡುವುದು

ಒಂದು ಸಂಖ್ಯೆ, ಅದರ ಅರ್ಧ, ಅದರ ಮೂರನೇ ಒಂದು ಪಾಲು, ಮೂರನ್ನೂ ಕೂಡಿದರೆ 55. ಸಂಖ್ಯೆ 6 ಎಂದೇ ಇಟ್ಟುಕೊಳ್ಳಿ. 6, 3, 2 ಕೂಡಿದರೆ 11. ಬೇಕಾದದ್ದು 55, ಅಂದರೆ ಐದು ಪಟ್ಟು. ಹಾಗಾದರೆ ಸಂಖ್ಯೆ 30. ಬೇಕೆಂದೇ ತಪ್ಪು ಸಂಖ್ಯೆ ಹಿಡಿದು ಸರಿ ಉತ್ತರಕ್ಕೆ ಹೋಗುವ ಚಂದದ ಜಾಣತನ ಇದು. ಲೀಲಾವತಿಯಲ್ಲಿ ಇದರ ಹೆಸರು ಇಷ್ಟಕರ್ಮ. ಅದಕ್ಕಿಂತಲೂ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಈಜಿಪ್ಟಿನ ಲಿಪಿಕಾರರು ಪಪೈರಸ್ ಹಾಳೆಗಳ ಮೇಲೆ ಇದನ್ನೇ ಮಾಡಿದ್ದಾರೆ. ಅವರದೊಂದು ಲೆಕ್ಕ: ಒಂದು ರಾಶಿ, ಅದರ ಏಳನೇ ಒಂದು ಪಾಲು ಸೇರಿ 19. ಅವರು 7 ಇಟ್ಟುಕೊಂಡರು, 8 ಬಂತು, ಅಲ್ಲಿಂದ ಅನುಪಾತ ಹಿಡಿದು 16.625ಕ್ಕೆ ತಲುಪಿದರು. ಊಹಿಸುವ ದಾರಿ ಸೋತ ಕಡೆ ಇದು ಗೆಲ್ಲುತ್ತದೆ ಅಲ್ವಾ.

ಕೊಡದೇ ಇರುವ ಅಳತೆಯನ್ನು ನಾವೇ ಇಟ್ಟುಕೊಳ್ಳಲೂ ಇದು ಒಳ್ಳೆಯದು. ಹೋಗುವಾಗ ಗಂಟೆಗೆ 40 ಕಿ.ಮೀ., ಬರುವಾಗ 60. ಸರಾಸರಿ ವೇಗ 50 ಅನ್ನಿಸುತ್ತದೆ. ದೂರ 120 ಎಂದು ಇಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2. ಒಟ್ಟು 240 ಕಿ.ಮೀ., 5 ಗಂಟೆ, ಸರಾಸರಿ 48. ಹಾಗೆಯೇ ಒಂದು ನಲ್ಲಿ ತೊಟ್ಟಿಯನ್ನು 3 ಗಂಟೆಯಲ್ಲಿ, ಇನ್ನೊಂದು 6 ಗಂಟೆಯಲ್ಲಿ ತುಂಬಿಸಿದರೆ, ತೊಟ್ಟಿಗೆ 6 ಪಾಲು ಎಂದುಕೊಳ್ಳಿ. ಮೊದಲನೆಯದು ಗಂಟೆಗೆ 2 ಪಾಲು, ಎರಡನೆಯದು 1. ಎರಡೂ ಬಿಟ್ಟರೆ ಗಂಟೆಗೆ 3 ಪಾಲು, 2 ಗಂಟೆಯಲ್ಲಿ ತುಂಬುತ್ತದೆ. 1/3 + 1/6 = 1/ಗ ಎಂದು ಬರೆದು ಭಿನ್ನರಾಶಿಯಲ್ಲಿ ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಈ ದಾರಿ ಮೋಸ ಮಾಡುವುದು ಸದ್ದಿಲ್ಲದೆ. ಎಲ್ಲವೂ ಪಾಲು ಅಥವಾ ಪಟ್ಟು ಆಗಿರುವವರೆಗೆ ಮಾತ್ರ ಇದು ನಡೆಯುತ್ತದೆ. 'ಮೇಲೆ 10 ಸೇರಿಸಿದರೆ 65' ಎಂದು ಒಂದು ಸ್ಥಿರ ಸಂಖ್ಯೆ ಸೇರಿತೋ, 6 ಇಟ್ಟುಕೊಂಡರೆ 21 ಬರುತ್ತದೆ, 65 ಅದರ ಎಷ್ಟು ಪಟ್ಟು ಎಂದು ನೋಡಿ ಬಂದ ಉತ್ತರ ಪೂರ್ತಿ ತಪ್ಪು. ಮೊದಲು 10 ತೆಗೆದು 55 ಮಾಡಿಕೊಳ್ಳಬೇಕು. ಇದನ್ನು ಮರೆತರೆ ಯಾವ ಹೆಜ್ಜೆಯಲ್ಲೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಹೊಸಬರಿಗೆ ನಾನು ಇದನ್ನು ಮೊದಲ ದಾರಿಯಾಗಿ ಹೇಳುವುದಿಲ್ಲ.

ಎಲ್ಲವೂ ಒಂದೇ ಬಗೆ ಎಂದುಕೊಳ್ಳುವುದು

ನಿಲ್ದಾಣದಲ್ಲಿ ಸೈಕಲ್ ಮತ್ತು ಕಾರು ಸೇರಿ 36. ಚಕ್ರ 118. ಯಾವುದು ಎಷ್ಟು?

ಎಲ್ಲವೂ ಸೈಕಲ್ ಎಂದುಕೊಳ್ಳಿ. 72 ಚಕ್ರ ಆಗಬೇಕಿತ್ತು. 46 ಜಾಸ್ತಿ ಇದೆ. ಒಂದು ಸೈಕಲ್ ತೆಗೆದು ಕಾರು ಇಟ್ಟರೆ 2 ಚಕ್ರ ಹೆಚ್ಚುತ್ತದೆ. ಹಾಗಾದರೆ ಕಾರು 23, ಸೈಕಲ್ 13. ಚೀನಾದ ಸುನ್‌ಜಿ ಎಂಬ ಗಣಿತಜ್ಞರ ಹೆಸರಿನಲ್ಲಿರುವ ಹಳೆಯ ಗ್ರಂಥದಲ್ಲಿ ಇದೇ ಜಾತಿಯ ಲೆಕ್ಕ ಮೊಲ ಮತ್ತು ಕಾಡುಕೋಳಿಗಳ ರೂಪದಲ್ಲಿದೆ: ತಲೆ 35, ಕಾಲು 94. ಅಲ್ಲಿನ ಉಪಾಯ ಇನ್ನೂ ಚಿಕ್ಕದು. ಕಾಲುಗಳನ್ನು ಅರ್ಧ ಮಾಡಿ, ತಲೆಗಳನ್ನು ಕಳೆಯಿರಿ. 47ರಲ್ಲಿ 35 ಹೋದರೆ 12 ಮೊಲ. ನಮ್ಮ ಲೆಕ್ಕಕ್ಕೂ ಹಾಕಿ ನೋಡಿ: 118ರ ಅರ್ಧ 59, ಅದರಲ್ಲಿ 36 ಹೋದರೆ 23.

ಎರಡೇ ಬಗೆ ಇದ್ದು, ಒಟ್ಟು ಎಣಿಕೆ ಗೊತ್ತಿದ್ದರೆ ಇದಕ್ಕಿಂತ ಬೇಗನೆಯದು ಇಲ್ಲ. ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ಮೂರು ಬಗೆ ಬಂದರೆ ಮಾತ್ರ ಕೈಬಿಡಿ.

ಪಟ್ಟಿ ಚಿತ್ರ

ಸಂಖ್ಯೆಯ ಬದಲು ಉದ್ದುದ್ದ ಪಟ್ಟಿ ಎಳೆದು ಸಂಬಂಧ ತೋರಿಸುವ ಕ್ರಮ ಇದು. 1980ರ ದಶಕದಿಂದ ಸಿಂಗಪುರದ ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಕ್ರಮವಾಗಿ ಕಲಿಸುತ್ತಾ ಬಂದಿದ್ದಾರೆ, ಅಲ್ಲಿಂದ ಬೇರೆ ಕಡೆಗೂ ಹರಡಿದೆ.

ಬಾಟಲಿ ಮತ್ತು ಮುಚ್ಚಳ ಸೇರಿ 110 ಗ್ರಾಂ. ಬಾಟಲಿ ಮುಚ್ಚಳಕ್ಕಿಂತ 100 ಗ್ರಾಂ ಜಾಸ್ತಿ. ಮುಚ್ಚಳ ಎಷ್ಟು? ಹತ್ತು ಎಂದು ನಾಲಿಗೆ ತುದಿಗೆ ಬಂದೇ ಬರುತ್ತದೆ. ಈಗ ಮುಚ್ಚಳಕ್ಕೆ ಒಂದು ಗೇಣು ಪಟ್ಟಿ ಎಳೆಯಿರಿ. ಬಾಟಲಿಗೆ ಅಷ್ಟೇ ಉದ್ದದ್ದು ಒಂದು, ಅದರ ಮುಂದೆ 100ರದ್ದು ಒಂದು. ಒಟ್ಟು 110ರಲ್ಲಿ 100 ತೆಗೆದರೆ ಉಳಿದ 10ರಲ್ಲಿ ಎರಡು ಸಮ ಪಟ್ಟಿ ಕೂತಿವೆ. ಮುಚ್ಚಳ 5 ಗ್ರಾಂ. ಚಿತ್ರ ಎಳೆದವರು 10 ಅನ್ನಲು ಸಾಧ್ಯವೇ ಇಲ್ಲ.

ವಯಸ್ಸಿನ ಲೆಕ್ಕಕ್ಕೂ ಇದು ಒಗ್ಗುತ್ತದೆ. ತಾಯಿಗೆ 41, ಮಗಳಿಗೆ 9. ತಾಯಿಯ ವಯಸ್ಸು ಮಗಳದರ ಮೂರು ಪಟ್ಟು ಆಗುವುದು ಯಾವಾಗ? ಇಬ್ಬರ ನಡುವಿನ ಅಂತರ 32 ಎಂದೂ ಬದಲಾಗದು. ಮೂರು ಪಟ್ಟು ಆದ ದಿನ ಮಗಳದು ಒಂದು ಪಟ್ಟಿ, ತಾಯಿಯದು ಮೂರು, ಅಂತರ ಎರಡು ಪಟ್ಟಿ. ಎರಡು ಪಟ್ಟಿಗೆ 32 ಅಂದರೆ ಒಂದಕ್ಕೆ 16. ಮಗಳಿಗೆ 16 ತುಂಬುವಾಗ, ಅಂದರೆ 7 ವರ್ಷಕ್ಕೆ. ಆಗ ತಾಯಿಗೆ 48.

ಬೀಜಗಣಿತ ಇನ್ನೂ ಕಲಿಯದ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಇದೇ. ಪಟ್ಟಿ ಎಳೆದು ರೂಢಿಯಾದ ಮಗುವಿಗೆ ಮುಂದೆ ಆ ಪಟ್ಟಿಗೊಂದು ಅಕ್ಷರ ಕೊಟ್ಟರೆ ಸಾಕು, ಸಮೀಕರಣ ಹೊಸದಾಗಿ ಕಾಣುವುದಿಲ್ಲ. ದೊಡ್ಡವರು 'ಚಿತ್ರ ಎಲ್ಲ ಮಕ್ಕಳಿಗೆ' ಎಂದು ಬಿಟ್ಟುಬಿಡುವುದು ಸರಿಯಲ್ಲ. ಇದರ ಮಿತಿ ಬೇರೆ ಕಡೆ ಇದೆ: 7/11 ಪಾಲು, 3.4 ಪಟ್ಟು ಬಂದರೆ ಪಟ್ಟಿ ಎಳೆಯುವುದೇ ತಲೆನೋವು. ವೇಗ, ದರದ ಲೆಕ್ಕಗಳಲ್ಲೂ ಅಷ್ಟು ಸಹಾಯ ಆಗದು.

ಒಂದು ಅಕ್ಷರದ ಸಮೀಕರಣ

ಅದೇ ತಾಯಿ ಮಗಳ ಲೆಕ್ಕ. ವ ವರ್ಷ ಆದ ಮೇಲೆ ಎಂದುಕೊಂಡರೆ 41 + ವ = 3 × (9 + ವ). ಬಿಡಿಸಿದರೆ 41 + ವ = 27 + 3ವ, ಅಂದರೆ 14 = 2ವ, ವ = 7. ಪಟ್ಟಿ ಚಿತ್ರಕ್ಕಿಂತ ಇದು ಚಿಕ್ಕದೇನಲ್ಲ. ಆದರೆ ಇಲ್ಲಿ 'ಅಂತರ ಬದಲಾಗದು' ಎಂಬ ಹೊಳಹು ಬೇಕಾಗಲಿಲ್ಲ. ಸಮೀಕರಣ ಕೊಡುವ ದೊಡ್ಡ ಉಪಕಾರ ಅದೇ. ಹೊಳೆಯದಿದ್ದರೂ ನಡೆಯುತ್ತದೆ. ಗೊತ್ತಿಲ್ಲದ ಸಂಖ್ಯೆ ಎರಡು ಬದಿಯಲ್ಲೂ ಇದ್ದರೆ, ಹಿಂದಕ್ಕೆ ನಡೆಯುವ ದಾರಿ ಮುಚ್ಚಿದ್ದರೆ, ನೇರವಾಗಿ ಇಲ್ಲಿಗೆ ಬನ್ನಿ.

ಇನ್ನೊಂದು ಗುಣ ನೋಡಿ. ತಾಯಿಗೆ 50, ಮಗಳಿಗೆ 20, ಮೂರು ಪಟ್ಟು ಯಾವಾಗ? 50 + ವ = 60 + 3ವ, ವ = −5. ಋಣ ಸಂಖ್ಯೆ ಬಂತೆಂದು ಹೊಡೆದುಹಾಕಬೇಡಿ. 5 ವರ್ಷದ ಹಿಂದೆ ಎಂದು ಅದು ಹೇಳುತ್ತಿದೆ: ಆಗ 45 ಮತ್ತು 15. 'ಯಾವಾಗ' ಎಂದು ಕೇಳಿದ್ದು ಮುಂದಿನದೆಂದು ನಾವು ಅಂದುಕೊಂಡಿದ್ದೆವು, ಸಮೀಕರಣ ಹಾಗೇನೂ ಅಂದುಕೊಂಡಿರಲಿಲ್ಲ.

ದಿನನಿತ್ಯ ನಾವು ನಿಜವಾಗಿ ಎದುರಿಸುವ ಲೆಕ್ಕಗಳಲ್ಲಿ ಹೆಚ್ಚಿನವು 'ಇದು ವಾಸಿಯೋ ಅದು ವಾಸಿಯೋ' ಎಂಬ ಜಾತಿಯವು. ಒಂದು ಪ್ರಿಂಟರ್ ಬಿಸಿಯಾಗಲು 90 ಸೆಕೆಂಡು ತೆಗೆದುಕೊಂಡು ಆಮೇಲೆ ಪುಟಕ್ಕೆ 2 ಸೆಕೆಂಡಿನಂತೆ ಮುದ್ರಿಸುತ್ತದೆ. ಇನ್ನೊಂದು ಕೂಡಲೇ ಶುರು, ಆದರೆ ಪುಟಕ್ಕೆ 5 ಸೆಕೆಂಡು. ಎಷ್ಟು ಪುಟಕ್ಕೆ ಎರಡೂ ಸಮ? 90 + 2ಪ = 5ಪ, ಪ = 30. ಅದಕ್ಕಿಂತ ಕಡಿಮೆ ಪುಟವಾದರೆ ಎರಡನೆಯದು, ಜಾಸ್ತಿಯಾದರೆ ಮೊದಲನೆಯದು. ಒಂದೇ ಸಾಲಿನಲ್ಲಿ ಇಡೀ ತೀರ್ಮಾನ ಬಂತು. ನಾಳೆ 90 ಹೋಗಿ 150 ಆದರೆ ಹೊಸದಾಗಿ ಯೋಚಿಸಬೇಕಿಲ್ಲ: ಮೊದಲಿನ ಕಾಯುವಿಕೆಯನ್ನು ಪುಟಕ್ಕೆ ಹಿಡಿಯುವ ಸಮಯದ ವ್ಯತ್ಯಾಸದಿಂದ ಭಾಗಿಸಿ, 50. ಸ್ಥಿರ ಶುಲ್ಕ ಮತ್ತು ಬಳಕೆಗೆ ತಕ್ಕ ಶುಲ್ಕ ಇರುವ ಯಾವ ಯೋಜನೆಗೂ ಇದೇ ಸಾಲು ಸಾಕು. ಬೇರೆ ಯಾವ ದಾರಿಯೂ ಇಷ್ಟು ಕೊಡುವುದಿಲ್ಲ.

ನಂಬಲು ಕಷ್ಟವಾಗುವ ಉತ್ತರ ಬರುವ ಕಡೆಯೂ ಸಮೀಕರಣ ಜೊತೆಗಿರುವುದು ಒಳ್ಳೆಯದು. 100 ಕೆ.ಜಿ. ಹಣ್ಣಿನ ರಾಶಿಯಲ್ಲಿ ಶೇ. 99 ನೀರು. ಸ್ವಲ್ಪ ಒಣಗಿ ನೀರು ಶೇ. 98ಕ್ಕೆ ಇಳಿಯಿತು. ಈಗ ತೂಕ ಎಷ್ಟು? 99 ಕೆ.ಜಿ. ಇರಬಹುದು ಅನ್ನಿಸುತ್ತದೆ. ನೀರಲ್ಲದ ಭಾಗ 1 ಕೆ.ಜಿ., ಅದು ಬದಲಾಗಿಲ್ಲ. ಈಗ ಅದು ಶೇ. 2. ಅಂದರೆ 0.02ತ = 1, ತ = 50. ಅರ್ಧಕ್ಕೆ ಅರ್ಧ ಇಳಿದಿದೆ.

ಇನ್ನು ಅದರ ಕಷ್ಟ. ಬಿಡಿಸುವುದರಲ್ಲಿ ಕಷ್ಟ ಕಡಿಮೆ, ಬರೆಯುವುದರಲ್ಲೇ ಎಲ್ಲ. ಹೆಸರಾದ ಒಂದು ಪರೀಕ್ಷೆ ಇದೆ: 'ಒಬ್ಬ ಶಿಕ್ಷಕರಿಗೆ ಆರು ವಿದ್ಯಾರ್ಥಿಗಳಂತೆ ಇದ್ದಾರೆ' ಎಂಬುದನ್ನು ಸಮೀಕರಣವಾಗಿ ಬರೆಯಿರಿ. 6ವ = ಶ ಎಂದು ಬರೆಯುವವರು ಬಹಳ. ಅಮೆರಿಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದಾಗಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪಿದ್ದರು. ಸರಿಯಾದದ್ದು ವ = 6ಶ. ತಪ್ಪು ಹುಟ್ಟುವುದು 'ವ' ಅಂದರೆ ವಿದ್ಯಾರ್ಥಿ ಎಂದುಕೊಂಡಾಗ. ಅದು ವಿದ್ಯಾರ್ಥಿಗಳ ಸಂಖ್ಯೆ. ಅದಕ್ಕೇ ನಾನು ಮೊದಲ ಸಾಲಿನಲ್ಲಿ 'ವ = ವಿದ್ಯಾರ್ಥಿಗಳ ಸಂಖ್ಯೆ' ಎಂದು ಪೂರ್ತಿ ಬರೆಯಿರಿ ಎಂದು ಒತ್ತಾಯ ಮಾಡುವುದು. ಸೋಮಾರಿತನಕ್ಕೆ ಬಿಡುವ ಸಾಲು ಇದೇ, ಬಿಡಬಾರದ ಸಾಲೂ ಇದೇ.

ಕನ್ನಡದಲ್ಲಿ ಒಂದು ಅನುಕೂಲ ಇದೆ. 'ಮಗಳ ವಯಸ್ಸಿನ ಮೂರು ಪಟ್ಟಿಗೆ 5 ಕೂಡಿಸಿದರೆ ತಾಯಿಯ ವಯಸ್ಸಾಗುತ್ತದೆ' ಎಂಬ ವಾಕ್ಯವನ್ನು ಎಡದಿಂದ ಬಲಕ್ಕೆ ಹಾಗೇ ಇಳಿಸಬಹುದು: 3ಮ + 5 = ತ. ತೊಡಕು ಬರುವುದು 'ಗಿಂತ' ಬಂದಾಗ. 'ತಮ್ಮನ ಬಳಿ ಅಕ್ಕನಿಗಿಂತ 8 ಕಡಿಮೆ ಇವೆ' ಅಂದರೆ ತಮ್ಮನದಕ್ಕೆ 8 ಸೇರಿಸಿದರೆ ಅಕ್ಕನದು. ಕಡಿಮೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹತ್ತಿರದ ಅಕ್ಷರದಿಂದ ಕಳೆದುಬಿಡಬಾರದು. ಯಾರ ಬಳಿ ಜಾಸ್ತಿ ಎಂದು ಕೇಳಿಕೊಂಡು, ಕಡಿಮೆ ಇರುವವರ ಕಡೆಗೆ ಸೇರಿಸಿ.

ಸಮ ಚಿಹ್ನೆಯ ದುರ್ಬಳಕೆ ಇನ್ನೊಂದು. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬುವರು ಎರಡು ಸಮಾನಾಂತರ ಗೆರೆಗಳನ್ನು ಈ ಚಿಹ್ನೆಯಾಗಿ ಬಳಸಿದರು, ಅವಕ್ಕಿಂತ ಸಮವಾದ ಎರಡು ವಸ್ತು ಬೇರೆ ಇಲ್ಲ ಎಂಬ ಕಾರಣ ಕೊಟ್ಟು. ನಾವು ಅದನ್ನು 'ಉತ್ತರ ಇಗೋ' ಎಂಬ ಬಾಣದ ಗುರುತಿನಂತೆ ಬಳಸುತ್ತೇವೆ. 5 + 3 = 8 × 2 = 16 ಎಂದು ಒಂದೇ ಉಸಿರಿನಲ್ಲಿ ಬರೆಯುವ ಮಗುವಿಗೆ ಸಮೀಕರಣ ಕಷ್ಟವಾಗುವುದು ಸಹಜ. 5 + 3 ಎಂದೂ 16ಕ್ಕೆ ಸಮ ಅಲ್ಲ. ಇದನ್ನು ಮೊದಲು ಸರಿ ಮಾಡಿ, ಆಮೇಲೆ ಬೀಜಗಣಿತಕ್ಕೆ ಹೋಗಿ.

ತಾಳೆ ನೋಡುವಾಗ ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡುವುದು ಸಾಲದು. ತಪ್ಪು ಬರೆದ ಸಮೀಕರಣಕ್ಕೆ ಅದರ ಉತ್ತರ ಸರಿಯಾಗಿಯೇ ಕೂರುತ್ತದೆ. ಲೆಕ್ಕದ ಮಾತುಗಳಿಗೇ ವಾಪಸು ಹೋಗಿ, ಒಂದೊಂದು ವಾಕ್ಯವನ್ನೂ ಹೊಸ ಸಂಖ್ಯೆ ಇಟ್ಟು ಓದಿ. ಇನ್ನೊಂದು, ಕಾರನ್ನು ಅರ್ಧ ಮಾಡಲಾಗದು ಎಂದು ಸಮೀಕರಣಕ್ಕೆ ಗೊತ್ತಿಲ್ಲ. 36 ವಾಹನ, 117 ಚಕ್ರ ಎಂದು ಕೊಟ್ಟರೆ ಕಾರು 22.5 ಎಂದು ನೆಟ್ಟಗೆ ಹೇಳುತ್ತದೆ. ಕೊಟ್ಟ ಸಂಖ್ಯೆಯಲ್ಲೇ ದೋಷವಿದೆ ಎಂದು ನೀವು ತಿಳಿಯಬೇಕು.

ಎರಡು ಅಕ್ಷರ ಬೇಕಾದಾಗ

ಸೈಕಲ್ ಕಾರಿನ ಲೆಕ್ಕವನ್ನು ಸ + ಕ = 36, 2ಸ + 4ಕ = 118 ಎಂದು ಬರೆಯಬಹುದು. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದರಿಂದ ಕಳೆದರೆ 2ಕ = 46. ಗಮನಿಸಿ, ಎಲ್ಲವೂ ಸೈಕಲ್ ಎಂದುಕೊಂಡಾಗ ಮಾಡಿದ್ದೂ ಇದನ್ನೇ, 72 ಮತ್ತು 46 ಎರಡೂ ಇಲ್ಲಿಯೂ ಬಂದವು. ಹಾಗಾಗಿ ಇಂಥ ಲೆಕ್ಕಕ್ಕೆ ಎರಡು ಅಕ್ಷರ ದುಂದು.

ನಿಜವಾಗಿ ಬೇಕಾಗುವುದು ಇಂಥ ಕಡೆ: 2 ದೊಡ್ಡ ಪೆಟ್ಟಿಗೆ, 3 ಸಣ್ಣ ಪೆಟ್ಟಿಗೆ ಸೇರಿ 31 ಕೆ.ಜಿ. 4 ದೊಡ್ಡದು, 1 ಸಣ್ಣದು ಸೇರಿ 37 ಕೆ.ಜಿ. ಮೊದಲ ವಾಕ್ಯವನ್ನು ಎರಡು ಪಟ್ಟು ಮಾಡಿದರೆ 4 ದೊಡ್ಡದು, 6 ಸಣ್ಣದು, 62 ಕೆ.ಜಿ. ಅದರಿಂದ ಎರಡನೆಯದನ್ನು ಕಳೆದರೆ 5 ಸಣ್ಣದಕ್ಕೆ 25. ಸಣ್ಣದು 5, ದೊಡ್ಡದು 8. ಎರಡು ಅಕ್ಷರಕ್ಕೆ ಎರಡು ಬೇರೆ ಬೇರೆ ಸುದ್ದಿ ಬೇಕು. '4 ದೊಡ್ಡದು, 6 ಸಣ್ಣದು ಸೇರಿ 62' ಎಂದು ಎರಡನೇ ವಾಕ್ಯ ಕೊಟ್ಟಿದ್ದರೆ ಅದು ಮೊದಲನೆಯದರ ಪ್ರತಿಧ್ವನಿ ಅಷ್ಟೇ, ಉತ್ತರ ಸಿಗದು. ಒಂದು ಅಕ್ಷರದಲ್ಲಿ ಹೇಳಲು ಆಗುವುದನ್ನು ಒಂದರಲ್ಲೇ ಹೇಳಿ. ಅಕ್ಷರ ಹೆಚ್ಚಿದಷ್ಟೂ ಚಿಹ್ನೆ ತಪ್ಪುವ ಜಾಗ ಹೆಚ್ಚುತ್ತದೆ.

ಯಾರಿಗೆ ಯಾವುದು

ಮಗುವಿಗೆ ಕಲಿಸುವವರು ಪಟ್ಟಿ ಚಿತ್ರದಿಂದ ಶುರು ಮಾಡಿ, ಹಿಂದಕ್ಕೆ ಬರುವುದನ್ನು ಜೊತೆಗೆ ಸೇರಿಸಿ. ಸಮೀಕರಣ ಬಂದ ಮೇಲೆ ಒಂದೇ ಲೆಕ್ಕವನ್ನು ಎರಡೂ ಬಗೆಯಲ್ಲಿ ಮಾಡಿಸಿ. ಎರಡೂ ಒಂದೇ ಉತ್ತರ ಕೊಟ್ಟರೆ ತಾಳೆಯೂ ಆಯಿತು, ನಂಬಿಕೆಯೂ ಬಂತು. ಬಾಯಲ್ಲೇ ಉತ್ತರ ಹೇಳುವ ಮಗುವನ್ನು 'ಕ್ರಮ ಬರೆ' ಎಂದು ಗದರಿಸುವ ಬದಲು, ಬಾಯಿಲೆಕ್ಕಕ್ಕೆ ಸಿಗದ ಸಂಖ್ಯೆ ಕೊಟ್ಟು ನೋಡಿ. ಸಮೀಕರಣ ಯಾಕೆ ಬೇಕೆಂದು ಅದಕ್ಕೇ ಗೊತ್ತಾಗುತ್ತದೆ.

ಶಾಲೆ ಬಿಟ್ಟು ಬಹಳ ವರ್ಷವಾಗಿ, ಈಗ ಸಾಲ, ಶುಲ್ಕ, ಅಳತೆಯ ಲೆಕ್ಕಕ್ಕೆ ಬೇಕು ಅನ್ನುವವರು ಒಂದು ಅಕ್ಷರದ ಸಮೀಕರಣ ಒಂದನ್ನೇ ಚೆನ್ನಾಗಿ ರೂಢಿಸಿಕೊಂಡರೆ ಸಾಕು. ಉಪಾಯಗಳನ್ನು ನೆನಪಿಟ್ಟುಕೊಳ್ಳುವ ಹೊರೆ ಇರುವುದಿಲ್ಲ. ನಿಧಾನ ಆದರೂ ಪರವಾಗಿಲ್ಲ, ನಿಮ್ಮನ್ನು ಯಾರೂ ಗಡಿಯಾರ ಹಿಡಿದು ನೋಡುತ್ತಿಲ್ಲ.

ಪರೀಕ್ಷೆಗೆ ಓದುವವರ ಮಾತು ಬೇರೆ. ಎರಡು ಬಗೆಯ ಎಣಿಕೆಗೆ 'ಎಲ್ಲವೂ ಒಂದೇ' ಉಪಾಯ, ಕೆಲಸ ಮತ್ತು ವೇಗಕ್ಕೆ ಅನುಕೂಲದ ಸಂಖ್ಯೆ, ಸರಪಳಿಗೆ ಹಿಂದಕ್ಕೆ ನಡೆಯುವುದು. ಮೂರರಲ್ಲಿ ಯಾವುದೆಂದು ಓದುವಾಗಲೇ ಹೊಳೆಯದಿದ್ದರೆ ಹುಡುಕುತ್ತಾ ಕೂರಬೇಡಿ, ಸುಮ್ನೆ ಸಮೀಕರಣ ಬರೆಯಿರಿ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅನ್ನುವ ಕಡೆ ಊಹೆಯ ದಾರಿಗೆ ಮತ್ತೆ ಜೀವ ಬರುತ್ತದೆ: ಕೊಟ್ಟ ಉತ್ತರಗಳನ್ನೇ ಲೆಕ್ಕಕ್ಕೆ ಹಾಕಿ ನೋಡಿ. ಒಟ್ಟು ಒಂದೇ ದಿಕ್ಕಿನಲ್ಲಿ ಏರುವ ಲೆಕ್ಕವಾದರೆ ನಾಲ್ಕನ್ನು ಏರಿಕೆಯ ಕ್ರಮದಲ್ಲಿ ಇಟ್ಟುಕೊಂಡು ಎರಡನೆಯದನ್ನು ಮೊದಲು ಹಾಕಿ. ಬಂದದ್ದು ಜಾಸ್ತಿಯಾದರೆ ಉತ್ತರ ಮೊದಲನೆಯದು. ಕಡಿಮೆಯಾದರೆ ಮೂರನೆಯದನ್ನು ಹಾಕಿ ನೋಡಿ. ಅದೂ ಕಡಿಮೆಯಾದರೆ ನಾಲ್ಕನೆಯದೇ. ಅಂತೂ ಎರಡೇ ಸಲ ತಾಳೆ ನೋಡಿದರೆ ಮುಗಿಯುತ್ತದೆ.